ಅರೆವಕೀಲರ ಅರ್ಹತೆ

ಬಸ್ಸು ಓಡಿಸುವವನಿಗೆ ಲೈಸೆನ್ಸ್ ಬೇಕು, ಸೂಜಿ ಚುಚ್ಚುವವರಿಗೆ ತರಬೇತಿ ಬೇಕು. ಆದರೆ ಒಬ್ಬರ ಹೊಲ ಇನ್ನೊಬ್ಬರ ಪಾಲಾಗುವಂಥ ಕಾಗದ ಟೈಪ್ ಮಾಡುವವನಿಗೆ ಏನು ಬೇಕು ಹೇಳಿ? ಎರಡು ಬೆರಳು ಮತ್ತು ಕರೆಂಟು. ಈ ಅನ್ಯಾಯ ನೋಡಲಾರದೆ ನಮ್ಮ ವೃತ್ತಿಗೊಂದು ಮಾನದಂಡ ತಂದೇ ತೀರಬೇಕೆಂದು ಹೊರಟೆ. ನಮ್ಮ ವೃತ್ತಿ ಅಂದರೆ ಪ್ಯಾರಾಲೀಗಲ್. ವಕೀಲನಲ್ಲ, ವಕೀಲರ ಕಾಗದಪತ್ರದ ಕೆಲಸ ಬಲ್ಲವನು. ನವಲಗುಂದದಲ್ಲಿ ತಾಲೂಕು ಕಚೇರಿ ಎದುರು ಅಂಗಡಿ ಹಾಕಿ ಬೋರ್ಡಿನ ಮೇಲೆ ಈ ಪದ ಬರೆಸಿದ ದಿನವೇ ಒಬ್ಬ ಅಜ್ಜ ಬಂದು, "ಪ್ಯಾರಲ ಹೆಂಗ ಕಿಲೋ?" ಎಂದು ಕೇಳಿದ. ನಮ್ಮ ಕಡೆ ಪ್ಯಾರಲ ಅಂದರೆ ಸೀಬೆಹಣ್ಣು. "ಹಣ್ಣಿಲ್ಲ ಅಜ್ಜಾ, ನಾ ಕಾನೂನಿನಾಂವ" ಎಂದೆ. ನನ್ನ ಮುಖವನ್ನೇ ನೋಡಿ, "ಹಂಗಾರ ಇನ್ನೂ ಕಾಯಿ ಅನ್ನು" ಎಂದು ನಡೆದುಬಿಟ್ಟ.

ಕಾಯಿಯೇನಲ್ಲ. ಊಟಕ್ಕೆ ಕೂತಾಗಲೂ ಮೊಬೈಲಿನಲ್ಲಿ ಕಾನೂನಿನ ವಿಡಿಯೋ ನೋಡಿ ಕಲಿತವನು ನಾನು. ಅನ್ನ ಹುಳಿಯ ನಡುವೆಯೇ ವಾರಸಾ, ಖರೀದಿಪತ್ರ, ಮೃತ್ಯುಪತ್ರ ಎಲ್ಲ ಮುಗಿಸಿದ್ದೇನೆ. ಹೀಗಾಗಿ ಮಾನದಂಡ ಬರೆಯುವ ಅಧಿಕಾರ ನನಗಲ್ಲದೆ ಇನ್ಯಾರಿಗೆ? ಪದವಿ ಇರಬೇಕು (ನನಗಿದೆ). ಕಂಪ್ಯೂಟರ್ ಸರ್ಟಿಫಿಕೇಟ್ ಇರಬೇಕು (ಅದೂ ಇದೆ). ಅಂಗಿ ಇನ್ ಮಾಡಿರಬೇಕು. ತಂಬಾಕು ತಿಕ್ಕಬಾರದು. ಈ ಕೊನೆಯ ಕಲಮಿನೆದುರು ಬಾಜು ಅಂಗಡಿಯಲ್ಲಿ ಅರ್ಜಿ ಬರೆಯುವ ಸಲೀಂ ಕಾಕಾ ಉಳಿಯುವುದು ಸಾಧ್ಯವೇ ಇರಲಿಲ್ಲ. ಅದನ್ನು ಬರೆದದ್ದೂ ಅದಕ್ಕೇ. ಕಾಕಾ ಎಲ್ಲ ಓದಿಸಿಕೊಂಡು ಅಂಗೈ ತಟ್ಟಿ ತಂಬಾಕು ಬಾಯಿಗಿಟ್ಟು, "ನಿನ್ನ ಅಳತಿಗೆ ಅಂಗಿ ಹೊಲಸಿ, ಯಾರಿಗೂ ಬರವಲ್ದು ಅಂದ್ರ ಹೆಂಗಲೇ?" ಎಂದರು. ಅಸೂಯೆ, ಬೇರೇನಲ್ಲ.

ಅದೇ ವಾರ ತಿರ್ಲಾಪುರದ ನೀಲವ್ವ ಬಂದಳು. "ತಮ್ಮಾ, ಅಪ್ಪನ ಹತ್ತಿ ಹೊಲದಾಗ ನನ್ನ ಹಕ್ಕ ಐತಿ. ಅಣ್ಣ ಹಿಡಕೊಂಡ ಕುಂತಾನ. ಅದನ್ನ ಬಿಡುಗಡಿ ಮಾಡಿಸಿಕೊಡಪಾ. ಅಂವಾನೂ ಹೂಂ ಅಂದಾನ."

ಹಕ್ಕು ಬಿಡುಗಡೆ ಪತ್ರ! ನಮೂನೆ ನನ್ನ ಕಂಪ್ಯೂಟರಿನಲ್ಲಿ ಸಿದ್ಧವೇ ಇತ್ತು. ಹೆಸರು ಹಾಕಿದೆ, ಹೊಲದ ನಾಲ್ಕೂ ದಿಕ್ಕಿನ ಗಡಿ ಹಾಕಿದೆ, ಕೊನೆಗೆ 'ಸ್ವಸಂತೋಷದಿಂದ' ಎಂದು ನನ್ನ ಕಡೆಯಿಂದಲೇ ಸೇರಿಸಿದೆ. ಇನ್ನು ನೋಂದಣಿ ಕಚೇರಿಗೆ ಹೋಗಿ ಹೆಬ್ಬೆಟ್ಟು ಒತ್ತಿದರೆ ಮುಗಿಯಿತು. ಅಷ್ಟರಲ್ಲಿ ಅಣ್ಣ ಫಕ್ಕೀರಪ್ಪ ಬಂದ. ಕಾಗದ ಓದಿದವನೇ ಎಲ್ಲರಿಗೂ ಮಂಡಕ್ಕಿಯ ಗಿರ್ಮಿಟ್ ತರಿಸಿದ. ನನಗೆ ಮಾತ್ರ ಮೇಲೊಂದು ಮಿರ್ಚಿ ಭಜಿ. "ತಂಗಿ ಅಂದ್ರ ಹಿಂಗಿರಬೇಕ ನೋಡ್ರಿ!"

ನೀಲವ್ವ ಗಿರ್ಮಿಟ್ ಮುಟ್ಟಲಿಲ್ಲ. "ಇಂವಾ ನನಗ ಒಂದ್ ಕಪ್ ಚಾ ಕುಡಿಸಿದಾಂವಲ್ಲ. ಗಿರ್ಮಿಟ್ ತಿನಸಾಕತ್ತಾನ ಅಂದ್ರ ಏನೋ ಐತಿ. ತಮ್ಮಾ, ಅದರಾಗ ಏನ್ ಬರದೀ?"

"ಹಕ್ಕು ಬಿಡುಗಡೆ, ಅಕ್ಕಾರ."

"ಅಂದ್ರ?"

ಬಾಯಲ್ಲಿ ಮಿರ್ಚಿ ಇತ್ತು. ಅದನ್ನು ನುಂಗುವಷ್ಟರಲ್ಲಿ, ಆ ಪತ್ರವನ್ನು ಮೊದಲ ಸಲ ಅರ್ಥವಿಟ್ಟು ಓದಿದೆ. "ಅಂದ್ರ... ನಿಮ್ಮ ಹಕ್ಕ ನೀವ ಬಿಟ್ಟಂಗ್ರಿ. ಅಣ್ಣಾರಿಗೆ."

"ಸಿಕ್ಕೊಂಡಿದ್ದನ್ನ ಬಿಡಸೋ ಅಂದ್ರ ಇದ್ದದ್ದನ್ನೂ ಬಿಡಸಾಕತ್ತೀಯಲ್ಲೋ!"

"ಬಿಡುಗಡಿ ಅಂತ ನೀನ ಅಂದ್ಯಲ್ಲವಾ" ಎಂದ ಫಕ್ಕೀರಪ್ಪ.

"ಜೈಲಿನ್ಯಾಗಿಂದ ಬಿಡುಗಡಿ ಆದಾಂವ ತನ್ನ ಮನಿಗೆ ಬರತಾನೋ, ಬಾಜೂ ಮನಿ ಹೊಕ್ಕಾನೋ?"

ಅಣ್ಣತಂಗಿ ಇಬ್ಬರೂ ಒಪ್ಪಿದ್ದು ಪದಕ್ಕೆ, ಅರ್ಥಕ್ಕಲ್ಲ. ನಡುವೆ ಅರ್ಥ ಬಲ್ಲ ಒಬ್ಬ ಇರಬೇಕಿತ್ತು. ಇನ್ ಶರ್ಟ್ ಮಾಡಿಕೊಂಡು ನಾನಿದ್ದೆ. ನೀಲವ್ವ ಕಾಗದ ಹರಿದು ನನ್ನ ಮೇಜಿನ ಮೇಲೆಯೇ ಹಾಕಿದಳು. ಫಕ್ಕೀರಪ್ಪ ಗಿರ್ಮಿಟ್ಟಿನ ಲೆಕ್ಕ ನನ್ನ ಹೆಸರಿಗೆ ಹೇಳಿ ಹೊರಟುಹೋದ.

"ಈಗ ವಾಟ್ನಿ ಅರ್ಜಿ ಬರಿ" ಎಂದಳು. ವಾಟ್ನಿ ಅಂದರೆ ಪಾಲು ಹಂಚುವುದು. ಈ ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಕುರ್ಚಿ ಎಳೆದು ನನ್ನ ಪಕ್ಕಕ್ಕೇ ಕೂತಳು. 'ಸದರಿ' ಎಂದು ಟೈಪ್ ಮಾಡಿ ಓದಿದರೆ, "ಅಂದ್ರ?" 'ತತ್ಸಂಬಂಧ' ಎಂದರೆ, "ಅಂದ್ರ?" ಅರ್ಥ ಹೇಳಲು ಬಾರದ ಪದಗಳನ್ನೆಲ್ಲ ಅಳಿಸುತ್ತ ಬಂದೆ. ನಮೂನೆಯಲ್ಲಿ ಪುಟಗಟ್ಟಲೆ ಇದ್ದ ಅರ್ಜಿ ಅರ್ಧ ಹಾಳೆಗೆ ಇಳಿಯಿತು.

ಸಲೀಂ ಕಾಕಾ ಬಾಗಿಲಲ್ಲಿ ನಿಂತು, "ಯವ್ವಾ, ಹುಡುಗ ಪಾಸೇನು?" ಎಂದರು.

"ತಡೀರಿ ಕಾಕಾ, ಹೊಲ ನನ್ನ ಹೆಸರಿಗೆ ಬರಲಿ, ಆಮ್ಯಾಲೆ ರಿಸಲ್ಟ."

ಆ ಅರ್ಧ ಹಾಳೆ ಕಚೇರಿಯ ಒಳಗೆ ಹೋಗಿದೆ. ಅಳತೆಗೆ ಬರುತ್ತೇವೆಂದು ಸರ್ವೆಯವರು ಹೇಳಿದ್ದಾರಂತೆ. ನೀಲವ್ವ ಸಂತೆಗೆ ಬಂದಾಗಲೆಲ್ಲ ಅಂಗಡಿಗೆ ಇಣುಕುತ್ತಾಳೆ, ಜೊತೆಗೆ ತನ್ನೂರಿನ ಯಾರಾದರೂ ಹೆಣ್ಣುಮಗಳನ್ನು ಕರೆತಂದು, "ಇಂವಾ ಏನ್ ಬರದ್ರೂ 'ಅಂದ್ರ?' ಅಂತ ಕೇಳು" ಎಂದು ಕೂರಿಸಿ ಹೋಗುತ್ತಾಳೆ. ವೃತ್ತಿಯ ಘನತೆ ಹೀಗೆ ಮಣ್ಣುಪಾಲಾಗುವುದನ್ನು ನಾನು ಸಹಿಸಲಾರೆ. ನನ್ನ ಮಾನದಂಡಕ್ಕೆ ಇನ್ನೊಂದು ಕಲಮು ಸೇರಿಸಿದ್ದೇನೆ: ಕಕ್ಷಿದಾರರು ಯಾವ ಕಾರಣಕ್ಕೂ ಪರೀಕ್ಷಕರಾಗತಕ್ಕದ್ದಲ್ಲ.