ಬಾಯಿ ಬಿಡದ ಬಂದೂಕು

ರುದ್ರಯ್ಯನ ಬಂದೂಕಿಗೆ ಇರುವೆ ಹತ್ತಿತ್ತು.

ಹತ್ತಬಾರದ ದಿನವೇ ಹತ್ತಿತ್ತು. ಪಂಚಾಯಿತಿ ಚುನಾವಣೆ ಘೋಷಣೆಯಾಗಿ, ಲೈಸೆನ್ಸ್ ಇದ್ದವರೆಲ್ಲ ಬಂದೂಕುಗಳನ್ನು ಠಾಣೆಗೆ ಒಪ್ಪಿಸಲು ಅಂದು ಸಂಜೆ ಐದಕ್ಕೆ ಕಡೆಯ ಗಡುವು. ತಪ್ಪಿದರೆ ಲೈಸೆನ್ಸ್ ರದ್ದು, ತಾತನ ಕಾಲದ ಡಬಲ್ ಬ್ಯಾರೆಲ್ ಬಂದೂಕು ಸರ್ಕಾರದ ಪಾಲು. ರುದ್ರಯ್ಯ ಅದರಿಂದ ಒಂದು ಕಾಡುಹಂದಿಯನ್ನೂ ಹೊಡೆದವನಲ್ಲ. ಆದರೂ ಅದು ಗೋಡೆಯ ಮೇಲಿದ್ದರೆ ತಾತನೇ ಮನೆ ಕಾಯುತ್ತಿದ್ದಾನೆ ಎಂಬ ಧೈರ್ಯ ಅವನಿಗೆ.

ನಳಿಗೆ ಬಾಗಿಸಿ, ಒಳಗೆ ತೋಟಾ ಇಲ್ಲವೆಂದು ತೋರಿಸದೆ ಠಾಣೆಯಲ್ಲಿ ಬಂದೂಕು ತೆಗೆದುಕೊಳ್ಳುವುದಿಲ್ಲ. ಬಾಗಿಸಲು ಹೆಬ್ಬೆರಳಿನುದ್ದದ ಒಂದು ಲಿವರ್ ಇದೆ. ರುದ್ರಯ್ಯ ಅದನ್ನು ಬಲಕ್ಕೆ ತಳ್ಳಿದ. ಹಲ್ಲು ಕಚ್ಚಿ ತಳ್ಳಿದ. ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಇರುವೆಗಳು ಮಾತ್ರ ಅದರ ಸಂದಿಯಲ್ಲಿ ಆರಾಮಾಗಿ ಓಡಾಡುತ್ತಿದ್ದವು.

"ಲೇ, ಆಯುಧ ಪೂಜೇಲಿ ಇದಕ್ಕೆ ಏನ್ಲೇ ಸುರಿದೆ?" ಎಂದು ಹೆಂಡತಿ ಕಮಲಾಕ್ಷಮ್ಮನ ಮೇಲೆ ಹರಿಹಾಯ್ದ.

"ನಾನ್ಯಾಕ್ ಸುರೀಲಿ? ಮೂರು ಬೆಟ್ಟು ವಿಭೂತಿ ಬಳ್ದು ಕೈಮುಗ್ದೆ, ಅಷ್ಟೇಯ. ವಿಭೂತಿಗೆ ಇರುವೆ ಬತ್ತಾವಾ?"

ಗಲಾಟೆ ಕೇಳಿ ಪಕ್ಕದ ಮನೆಯ ವೆಂಕಟರಾಮಯ್ಯ ಬಂದ. ಇಬ್ಬರ ತಾತಂದಿರೂ ಒಂದೇ ದಿನ, ಒಂದೇ ಅಂಗಡಿಯಲ್ಲಿ ಜೋಡೆತ್ತು ತಂದ ಹಾಗೆ ಜೋಡಿ ಬಂದೂಕು ತಂದಿದ್ದರು. ಕಣ್ಣು ಮಂಜಾಯಿತೆಂದು ವೆಂಕಟರಾಮಯ್ಯ ಎರಡು ವರ್ಷದ ಹಿಂದೆ ತನ್ನದನ್ನು ಸರ್ಕಾರಕ್ಕೆ ಒಪ್ಪಿಸಿಬಿಟ್ಟಿದ್ದ. ಬಂದೂಕು ಹೋದರೂ ಬಂದೂಕಿನ ಬಗೆಗಿನ ಉಪದೇಶ ಅವನಲ್ಲೇ ಉಳಿದಿತ್ತು.

"ಎಣ್ಣೆ ಬುಡಬೇಕು ಕಣಯ್ಯ," ಎಂದು ಕಾಲು ಲೀಟರ್ ಕಡಲೆಕಾಯಿ ಎಣ್ಣೆ ಸುರಿದ. ಲಿವರ್ ಅಲುಗಲಿಲ್ಲ, ಎಣ್ಣೆ ರುದ್ರಯ್ಯನ ಒಗೆದ ಪಂಚೆಗೆ ಇಳಿಯಿತು.

ಹಿಂದೆಯೇ ವೆಂಕಟರಾಮಯ್ಯನ ಹೆಂಡತಿ ನರಸಮ್ಮ ಬಿಸಿನೀರಿನ ತಂಬಿಗೆ ಹಿಡಿದು ಬಂದಳು. "ನಮ್ಮದು ಒಂದಿನಾನೂ ಇಂಗ್ ಮಾಡ್ಲಿಲ್ಲ ಕಣಮ್ಮ. ವರ್ಷಾ ವರ್ಷಾ ಪಂಚಾಮೃತದ ಅಭಿಷೇಕ ಮಾಡ್ತಿದ್ದೆ. ಬಾಳೆಹಣ್ಣು, ಬೆಲ್ಲ, ಜೇನುತುಪ್ಪ, ಒಂದೂ ಕಮ್ಮಿ ಮಾಡ್ಲಿಲ್ಲ," ಎನ್ನುತ್ತ ನೀರು ಹೊಯ್ದೇಬಿಟ್ಟಳು.

ಊರಿನಲ್ಲಿ ಬೋರ್‌ವೆಲ್ ಮೋಟಾರು ರಿಪೇರಿಗೆ ಬಂದಿದ್ದ ಶಿರಾದ ಮೆಕ್ಯಾನಿಕ್ಕೂ ಇಣುಕಿದ. "ಫಿಕರ್ ನಕ್ಕೋ ಯಜಮಾನ್ರೆ, ಗ್ಯಾಸ್ ಕಟ್ಟರ್ ಐತೆ. ಎರಡೇ ನಿಮಿಷ!"

ರುದ್ರಯ್ಯ ಬಂದೂಕನ್ನು ಕಂಬಳಿಯಲ್ಲಿ ಸುತ್ತಿ, ಕೂಸಿನಂತೆ ಎದೆಗವಚಿಕೊಂಡು ಬಸ್ ಸ್ಟಾಪಿಗೆ ಓಡಿದ. "ನಿಂಗೆ ಪೊಲೀಸ್ನೋರತ್ರ ಮಾತಾಡಕ್ಕೆ ಬರಲ್ಲ," ಎಂದು ವೆಂಕಟರಾಮಯ್ಯನೂ ಜೊತೆಗೆ ಹತ್ತಿದ. ಕಂಬಳಿಯಿಂದ ನಳಿಗೆ ಇಣುಕಿದ್ದೇ ತಡ, ಇಡೀ ಸೀಟು ಖಾಲಿಯಾಯಿತು. ಆ ದಿನ ರುದ್ರಯ್ಯನಿಗೆ ದಕ್ಕಿದ ಲಾಭ ಅದೊಂದೇ.

ಠಾಣೆಯ ಗಡಿಯಾರದಲ್ಲಿ ಐದಕ್ಕೆ ಕಾಲು ಗಂಟೆ ಇತ್ತು.

"ಬಾಗಿಸ್ರಿ," ಎಂದ ಹೆಡ್ ಕಾನ್‌ಸ್ಟೆಬಲ್ ತಿಮ್ಮರಾಜು.

"ಬಾಗ್ತಿಲ್ಲ ಸಾರ್."

"ಬಾಗದೇ ಇದ್ರೆ ನಾನೆಂಗ್ ತಗಳ್ಳಿ?"

ರುದ್ರಯ್ಯ ಬಂದೂಕನ್ನು ಮೇಜಿನ ಮೇಲಿಟ್ಟು ಕೈಮುಗಿದ. "ತಾತನ ನೆನಪು ಅಂತ ಇರೋದು ಇದೊಂದೇ ಸಾರ್. ಒಂದ್ ಫೋಟೋನೂ ಇಲ್ಲ. ಇದನ್ನ ಕಳ್ಕಂಡ್ರೆ ನಾನು ಮನೇಗೆ ಹೋಗಾಕಿಲ್ಲ."

ತಿಮ್ಮರಾಜುವಿಗೂ ತಾತ ಇದ್ದಿರಬೇಕು. ಎದ್ದು ಹೋಗಿ ಉದ್ದನೆಯ ಕಡ್ಡಿ ತಂದು ಎರಡೂ ನಳಿಗೆಗೆ ತುದಿಯಿಂದ ಇಳಿಸಿ, ಹೊರಗೆ ಇಟ್ಟು ಅಳತೆ ನೋಡಿದ. "ಒಳಗೆ ಖಾಲಿ ಐತೆ. ಹೋಗ್ಲಿ ಬುಡ್ರಿ, ಲಿವರ್ ಜಾಮ್ ಅಂತ ಬರ್ಕಂಡು ತಗಂತೀನಿ." ಪೆನ್ನಿನ ಕ್ಯಾಪು ತೆಗೆದ. ರುದ್ರಯ್ಯನಿಗೆ ಹೋದ ಜೀವ ಬಂದಂತಾಯಿತು.

"ಒಂದ್ನಿಮಿಷ ಸಾರ್!" ವೆಂಕಟರಾಮಯ್ಯ ಬಂದೂಕು ಕಿತ್ತುಕೊಂಡು, ತೊಡೆಯ ಮೇಲಿಟ್ಟು, "ನರಸಿಂಹಾ!" ಎಂದು ಎರಡೂ ಹೆಬ್ಬೆರಳಿಂದ ಒತ್ತಿದ.

ಟಕ್ಕೆಂದು ನಳಿಗೆ ಬಾಗಿತು. ಒಳಗೆಲ್ಲ ಕಂದು ಅಂಟು. ಠಾಣೆಯ ತುಂಬ ಹಳೇ ಬೆಲ್ಲದ ವಾಸನೆ ಹರಡಿತು.

"ನೋಡ್ದಾ ನನ್ ಕೈಗುಣ!"

"ಬಾಗಿದ್ದು ಒಳ್ಳೇದೇ ಆಯ್ತು, ನಂಬರ್ರೂ ನೋಡ್ಬುಡಾನ," ಎಂದು ತಿಮ್ಮರಾಜು ಬಟ್ಟೆಯಿಂದ ಅಂಟು ಒರೆಸಿ, ಒಳಗೆ ಕೆತ್ತಿದ್ದ ನಂಬರನ್ನು ಲೈಸೆನ್ಸಿನೊಂದಿಗೆ ತಾಳೆ ನೋಡಿದ. ಮತ್ತೆ ನೋಡಿದ. ಹಳೆಯ ರಿಜಿಸ್ಟರ್ ತೆಗೆದ. "ಇದು ನಿಮ್ಮದಲ್ಲ ರುದ್ರಯ್ಯ. ವೆಂಕಟರಾಮಯ್ಯ ಅನ್ನೋರ್ದು. ಸರೆಂಡರ್ ಆಗಿ, ಹೋದ ವರ್ಷವೇ ಕರಗಿಸಿ ಆಗೈತೆ."

ವೆಂಕಟರಾಮಯ್ಯ ಕತ್ತು ಕೆರೆದುಕೊಂಡ. "ಹೋದ ಎಲೆಕ್ಷನ್ ಮುಗ್ದು ವಾಪಸ್ ತರೋವಾಗ ಮಧುಗಿರೀಲಿ ದೋಸೆ ತಿಂದ್ವಲ್ಲ ರುದ್ರಯ್ಯ... ಎರಡನ್ನೂ ಒಂದೇ ಮೂಲೇಲಿ ಒರಗಿಸಿದ್ವಿ. ಏಳೋವಾಗ ಅದ್ಲುಬದ್ಲು ಆಗಿರ್ಬೇಕು. ಆಮೇಲೆ ನಾನು ಸರೆಂಡರ್ ಮಾಡ್ದಾಗ ಗುಮಾಸ್ತ ಲೈಸೆನ್ಸ್ ಪುಸ್ತಕ ನೋಡ್ಕಂಡೇ ನಂಬರ್ ಬರ್ಕಂಡ, ಬಾಗಿಸ್ಲೇ ಇಲ್ಲ."

"ಅಂಗಾರೆ ನನ್ ತಾತನ ಬಂದೂಕು?" ರುದ್ರಯ್ಯ ರಿಜಿಸ್ಟರಿನ ಮೇಲೆ ಬಗ್ಗಿದ.

"ಅದೇ ಕರಗಿರೋದು," ಎಂದ ತಿಮ್ಮರಾಜು. "ಇದೂ ಕಾಗದದಲ್ಲಿ ಕರಗೋಗೈತೆ. ಲೈಸೆನ್ಸ್ ಇಲ್ಲದ ಬಂದೂಕು ಎರಡು ವರ್ಷ ಮನೇಲಿ ಮಡಿಕ್ಕಂಡಿದ್ದೀರಲ್ಲ ಯಜಮಾನ್ರೇ. ಕೂತ್ಕಳಿ, ಹೇಳಿಕೆ ಬರ್ಕಬೇಕು."

ರುದ್ರಯ್ಯ ಬೆಂಚಿನ ಮೇಲೆ ಕುಸಿದ. ತಾತನ ಬಂದೂಕಿಗೆ ಒಂದು ದಿನವೂ ಇರುವೆ ಹತ್ತಿರಲಿಲ್ಲವೆಂಬುದು ಅವನಿಗೆ ಈಗ ನೆನಪಾಯಿತು.

ವೆಂಕಟರಾಮಯ್ಯ ಮೆಲ್ಲಗೆ ಬಂದೂಕಿಗೆ ಕೈ ಹಾಕಿದ. "ಸಾರ್, ಇದನ್ನ ಮೊದ್ಲಿನಂಗೇ ಮುಚ್ಚಿಬುಟ್ರೆ?"

ಒತ್ತಿದ. ಹಲ್ಲು ಕಚ್ಚಿ ಒತ್ತಿದ. ಅದು ಮುಚ್ಚಲಿಲ್ಲ.