ಏಳಲೊಲ್ಲದ ವರ

ಲಾಳಿಯ ಕಂಡಿಕೆ ಅರ್ಧವೂ ಸುತ್ತಿರಲಿಲ್ಲ, ನೂಲು ಮತ್ತೆ ಪಟ್ಟೆಂದು ಹರಿಯಿತು. ನೀಲಾ ರಾಟಿ ನಿಲ್ಲಿಸಿ, ತುದಿ ಹುಡುಕಿ, ಗಂಟು ಹಾಕಿದಳು.

"ಆ ನೂಲಿನ ಲಡಿ ಯಾಕ ತಗೊಂಡಿ?" ಅಡುಗೆಮನೆಯಿಂದಲೇ ತಾಯಿ ಸಂಗವ್ವ ಕೇಳಿದಳು. "ಅದು ಇನ್ನೂ ಗಂಜಿ ಕುಡಿದಿಲ್ಲ. ಜೋರಾಗಿ ಸೀನಿದ್ರೂ ಹರೀತೈತಿ."

ನೂಲು ಹರಿಯುತ್ತಿದ್ದುದು ಗಂಜಿಯಿಲ್ಲದ್ದಕ್ಕೋ, ತನ್ನ ಲಕ್ಷ್ಯ ಬಾಗಿಲ ಕಡೆ ಇದ್ದುದಕ್ಕೋ ನೀಲಾಗೇ ತಿಳಿಯದು. ಅವಳನ್ನು ನೋಡಲು ಬಾಗಲಕೋಟೆಯಿಂದ ಹುಡುಗ ಬರುವವನಿದ್ದ. ಹಿಂದೆ ಬಂದ ಇಬ್ಬರೂ ಅವಳ ಕೈಯ ಉಪ್ಪಿಟ್ಟು ತಿಂದು, ಅಪ್ಪನ ಮಗ್ಗ ನೋಡಿ, ನೇಯ್ದಿಟ್ಟ ಸೀರೆಯ ಸೆರಗನ್ನು ಜಗ್ಗಿ ಪರೀಕ್ಷಿಸಿ ಹೋಗಿದ್ದರು. ಅವಳನ್ನು ಮಾತ್ರ ಯಾರೂ ಒಂದು ಮಾತು ಕೇಳಿರಲಿಲ್ಲ. ಈ ಸಲದವನು ಹೂಂ ಅನ್ನಲಿ, ಉಹೂಂ ಅನ್ನಲಿ, ನಿನಗೇನನ್ನಿಸಿತು ಎಂದು ಒಮ್ಮೆ ಕೇಳಿದರೆ ಸಾಕು. ಇಷ್ಟೇ ಅವಳ ಆಸೆ. ಸಣ್ಣ ಆಸೆ, ಆದರೆ ಅವ್ವನಿಗೂ ಹೇಳಿಕೊಳ್ಳುವಂಥದಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಗುರುಲಿಂಗವ್ವ ಸೆರಗು ಹಾರಿಸಿಕೊಂಡು ಒಳನುಗ್ಗಿದಳು. ಓಣಿಯ ಸುದ್ದಿಗಳೆಲ್ಲ ಅವಳ ಬಾಯಿಂದ ಹೊರಟ ಮೇಲೆಯೇ ನಡೆಯುತ್ತಿದ್ದವು.

"ಸಂಗವ್ವಾ, ಬಂದ್ರವಾ! ಹುಡುಗ, ಹುಡುಗನ ಕಾಕಾ, ಇಬ್ರ. ಹುಡುಗ ಭಾಳ ಸಂಭಾವಿತ ಐತಿ ನೋಡು, ನಡಿಯೂದೂ ಮೆಲ್ಲಕ ನಡೀತೈತಿ."

ರಾಟಿ ಮೂಲೆಗೆ ಹೋಯಿತು, ನೀಲಾ ಸೀರೆ ಬದಲಿಸಲು ಓಡಿದಳು. ಅಪ್ಪ ಹೊಳಬಸಪ್ಪ ಬಾಗಿಲಲ್ಲಿ ನಿಂತು, "ಹೊಸ್ತಿಲ ಎತ್ತರ ಐತ್ರಿ, ಸಾವಕಾಶ ಬರ್ರಿ" ಎಂದ. ಕಾಕಾ ಕಾಶಪ್ಪ ಧೋತರ ಎತ್ತಿ ಗತ್ತಿನಿಂದ ದಾಟಿದ. ಹುಡುಗ ಶಿವಸಂಗಪ್ಪ ಮಾತ್ರ ಗೋಡೆಗೆ ಬೆನ್ನು ಹಚ್ಚಿ ಏಡಿಯಂತೆ ಅಡ್ಡಡ್ಡ ಸರಿದು ಒಳಬಂದ. ಅವನು ತೊಟ್ಟಿದ್ದು ಆ ವರ್ಷ ಇಳಕಲ್ಲಿನವರೆಗೂ ಬಂದು ಮುಟ್ಟಿದ್ದ ಬೆಲ್‌ಬಾಟಮ್ ಪ್ಯಾಂಟು, ಕೆಳಗೆ ಗಂಟೆಯಷ್ಟು ಅಗಲ, ಮೇಲೆ ಉಸಿರು ಬಿಡಲೂ ಜಾಗವಿಲ್ಲ. ಬಂದವನೇ ಕುರ್ಚಿಯಲ್ಲಿ ಕೂತ. ಅಮೀನಗಡದ ಕರದಂಟಿನ ಡಬ್ಬಿಯನ್ನು ತೊಡೆಯ ಮೇಲಿಟ್ಟು, ಯಾರೋ ಕಸಿಯಲು ಬಂದಂತೆ ಅಪ್ಪಿಕೊಂಡ. ಓಣಿಯ ಹಿರಿಯರು ಬಂದು ನಮಸ್ಕಾರ ಅಂದಾಗಲೂ ಏಳಲಿಲ್ಲ.

"ಪ್ಯಾಟಿ ಮಂದಿ, ಹಂಗಽ" ಎಂದು ಗುರುಲಿಂಗವ್ವ ಎಲ್ಲರಿಗೂ ಸಮಾಧಾನ ಹೇಳಿದಳು.

ನೀಲಾ ಉಪ್ಪಿಟ್ಟಿನ ತಾಟು ತಂದಿಟ್ಟು ತಲೆ ತಗ್ಗಿಸಿ ಕೂತಳು. ಹೊಳಬಸಪ್ಪನಿಗೆ ಎದೆಯುಬ್ಬಿತು. "ನಮ್ಮ ನೀಲಾ ಮ್ಯಾಟ್ರಿಕ್ ಪಾಸ್ ಆಗ್ಯಾಳ್ರಿ. ಇಂಗ್ಲಿಷ್ ಅಂದ್ರ ನೀರ ಕುಡಿದಂಗ."

"ಏನರ ಕೇಳೂದಿದ್ರ ಕೇಳಪಾ" ಎಂದು ಕಾಶಪ್ಪ ಹುಡುಗನ ಬೆನ್ನು ತಟ್ಟಿದ.

ಶಿವಸಂಗಪ್ಪ ಒಮ್ಮೆ ಕಾಕಾನನ್ನು, ಒಮ್ಮೆ ಬಾಗಿಲನ್ನು ನೋಡಿದ. ಆಮೇಲೆ ನೀಲಾಳ ಕಡೆ ಬಾಗಿ, ಉಳಿದವರಿಗೆ ತಿಳಿಯಬಾರದೆಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ. "ಐ ಆ್ಯಮ್ ಇನ್ ಎ ಫಿಕ್ಸ್."

ಕೊನೆಯ ಒಂದು ಶಬ್ದ ಮಾತ್ರ ಎಲ್ಲರಿಗೂ ಗೊತ್ತಿತ್ತು.

"ಫಿಕ್ಸ್ ಅಂತ!" ಗುರುಲಿಂಗವ್ವ ಚಪ್ಪಾಳೆ ತಟ್ಟಿದಳು. "ಹುಡುಗನ ಬಾಯಿಂದನಽ ಬಂತು, ಫಿಕ್ಸ್. ಸಕ್ರಿ ತಾ ಸಂಗವ್ವಾ."

ಸಕ್ಕರೆ ಬಂತು. ಕಾಶಪ್ಪ ಹೊಳಬಸಪ್ಪನನ್ನು ತಬ್ಬಿಕೊಂಡ. ಹುಡುಗನ ಬಾಯಿ ತೆರೆದೇ ಇತ್ತು. ಯಾರೋ ಅದಕ್ಕೂ ಒಂದು ಮುಷ್ಟಿ ಸಕ್ಕರೆ ತುಂಬಿದರು.

ನೀಲಾ ಮಾತ್ರ ಸಕ್ಕರೆ ಮುಟ್ಟಲಿಲ್ಲ. ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಮುರ್ತುಜಸಾಬ ಮಾಸ್ತರರು ಈ ಮಾತನ್ನು ನೇಕಾರರ ಮಕ್ಕಳಿಗೆ ತಿಳಿಯುವಂತೆ ಬಿಡಿಸಿ ಹೇಳಿದ್ದರು. "ಕಾಲು ಮಗ್ಗದ ಕುಣಿಯೊಳಗ ಸಿಕ್ಕೊಂಡೈತಿ, ಎದುರಿಗೆ ಚೇಳು ಬರಾಕತ್ತೈತಿ. ಅದಕ್ಕ ಇನ್ ಎ ಫಿಕ್ಸ್ ಅಂತಾರ." ಅಂದರೆ ಹುಡುಗ ಪೇಚಿನಲ್ಲಿದ್ದಾನೆ. ಒಲ್ಲೆ ಎನ್ನಲು ಕಾಕಾನ ಹೆದರಿಕೆ. ಮಗ್ಗದ ಕುಣಿ ಈ ಮನೆ, ಚೇಳು ತಾನು.

ಈಗ ತಾನು ಬಾಯಿ ತೆರೆದರೆ, ಮನೆಗೆ ಬಂದ ವರನನ್ನು ಓಡಿಸಿದವಳು. ತೆರೆಯದಿದ್ದರೆ, ಒಲ್ಲದವನ ಮನೆಯಲ್ಲಿ ಜೀವಮಾನವಿಡೀ ಜೋಳ ಹಸನು ಮಾಡುವವಳು. ಅವಳು ಅಪ್ಪನನ್ನು ಅಡುಗೆಮನೆಗೆ ಕರೆದಳು.

"ಅಪ್ಪಾ, ಅದು ಆ ಫಿಕ್ಸ್ ಅಲ್ಲ. ಪೇಚಿನ್ಯಾಗ ಅದೀನಿ ಅಂದ್ರು ಅವರು. ಅವರಿಗೆ ಮನಸಿಲ್ಲ."

ಅಪ್ಪ ಬಾಯಿ ತೆರೆಯುವ ಮೊದಲೇ ಬಾಗಿಲ ಹಿಂದಿನಿಂದ ಗುರುಲಿಂಗವ್ವ ಅದನ್ನು ಪಡಸಾಲೆಗೆ ಮುಟ್ಟಿಸಿದ್ದಳು. "ಅಯ್ಯ, ಹುಡುಗಗ ಮನಸಿಲ್ಲಂತ್ರೆವಾ. ಪೇಚಂತ."

ಕಾಶಪ್ಪನ ಮುಖ ಕಾದ ಹಂಚಿನಂತಾಯಿತು. "ನಮ್ಮ ಹುಡುಗನ ಬಾಯಾಗ ಇಲ್ಲದ ಮಾತು ಹುಟ್ಟಸ್ತೀರಿ? ಇಂಥಾ ಶಾಣ್ಯಾ ಹುಡುಗಿ ನಮಗ ಬ್ಯಾಡ. ಏಳೋ ಶಿವಸಂಗ್ಯಾ, ಹೋಗೂಣು."

ಎಲ್ಲರೂ ಎದ್ದರು. ಸಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಶಿವಸಂಗಪ್ಪ ಕುರ್ಚಿಗೆ ಮೊಳೆ ಹೊಡೆದಂತೆ ಕೂತೇ ಇದ್ದ.

"ಏಳಲೇ."

"ಏಳಂಗಿಲ್ಲ ಕಾಕಾ."

"ಯಾಕ?"

"ಏಳಾಕ ಆಗಂಗಿಲ್ಲ."

ಗುರುಲಿಂಗವ್ವನ ಕಣ್ಣುಗಳು ದೀಪದಂತೆ ಹೊತ್ತಿಕೊಂಡವು. "ನೋಡ್ರಿ, ನೋಡ್ರಿ. ಹುಡುಗಿನ್ನ ಬಿಟ್ಟು ಏಳಂಗಿಲ್ಲ ಅಂತೈತಿ ಕೂಸು. ಇಂಥಾ ವರನ್ನ ನಾ ಎಲ್ಲೂ ಕಂಡಿಲ್ಲವಾ."

ಕಾಶಪ್ಪ ಮೆತ್ತಗಾದ. "ಹಂಗಿದ್ರ ಬಾಯಿಬಿಟ್ಟು ಹೇಳಬಾರದೇನೋ ಖೋಡಿ" ಎಂದು ನಕ್ಕ. ಹುಡುಗ ಹುಡುಗಿ ಒಂದೆರಡು ಮಾತಾಡಲಿ ಎಂದು ಹಿರಿಯರೆಲ್ಲ ಮಗ್ಗ ನೋಡುವ ನೆಪದಲ್ಲಿ ಆಚೆ ಕೋಣೆಗೆ ಸರಿದರು. ಗುರುಲಿಂಗವ್ವ ಎಲ್ಲರಿಗಿಂತ ಕೊನೆಗೆ ಸರಿದಳು, ಅದೂ ಬಾಗಿಲಿನವರೆಗೆ ಮಾತ್ರ.

"ಅಮೀನಗಡದಾಗ ಕರದಂಟು ತರಾಕ ಬಸ್ ಇಳಿಯುವಾಗ ಸೀಟಿನ ಮೊಳಿಗೆ ಸಿಕ್ಕು ಪ್ಯಾಂಟು ಹರೀತ್ರಿ" ಎಂದ ಶಿವಸಂಗಪ್ಪ, ಪಿಸುದನಿಯಲ್ಲಿ. "ಹಿಂದ. ಪೂರಾ. ಕಾಕಾಗ ಗೊತ್ತಾದ್ರ, ಈ ಪ್ಯಾಂಟು ಹೊಲಸಬ್ಯಾಡ ಅಂದಿದ್ದೆ ಅಂತ ಇಲ್ಲೇ ಕಪಾಳಕ್ಕ ಹೊಡೀತಾನ. ನಿಮಗ ಇಂಗ್ಲಿಷ್ ಬರ್ತೈತಿ ಅಂದ್ರಲ್ಲ, ಒಂದು ಟವೆಲರ ಕೊಟ್ಟಾರು ಅಂತ ಹೇಳಿದೆ."

ನೀಲಾ ಬಾಯಿಗೆ ಸೆರಗು ಒತ್ತಿಕೊಂಡಳು. ನಗು ತಡೆದ ಮೇಲೆ ಕೇಳಿದಳು. "ಅದಿರ್ಲಿ. ನಾ ನಿಮ್ಮ ಮನಸಿಗೆ ಬಂದೀನೋ ಇಲ್ಲೋ?"

"ಖರೆ ಹೇಳ್ಲೇನ್ರಿ? ನಿಮ್ಮನ್ನ ಇನ್ನೂ ನೆಟ್ಟಗ ನೋಡೇ ಇಲ್ಲ. ನನ್ನ ಲಕ್ಷ್ಯೆಲ್ಲಾ ಹಿಂದ ಇತ್ತು." ಆಗ ಅವನು ಮೊದಲ ಸಲ ತಲೆಯೆತ್ತಿ ಅವಳನ್ನು ನೋಡಿದ. "ನಿಮಗೇನನಸ್ತೈತ್ರಿ?"

ಎಷ್ಟು ದಿನದಿಂದ ಕಾದ ಪ್ರಶ್ನೆ. ಅದು ಬಂದದ್ದು ಎದ್ದು ನಿಲ್ಲಲಾರದವನ ಬಾಯಿಂದ. ಹೂಂ ಅನ್ನಲು ಅವನನ್ನು ಬಲ್ಲಳೇ? ಉಹೂಂ ಅನ್ನಲು ಅವನೇನು ತಪ್ಪು ಮಾಡಿದ? ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟಳು.

"ನಾನೂ ಫಿಕ್ಸ್‌ನ್ಯಾಗಽ ಅದೀನ್ರಿ."

ಬಾಗಿಲ ಹಿಂದೆ ಬಳೆಗಳು ಝಲ್ಲೆಂದವು. "ಹುಡುಗೀನೂ ಫಿಕ್ಸ್ ಅಂದ್ಳು! ನನ್ನ ಕಿವಿಲೇ ಕೇಳೇನಿ." ಗುರುಲಿಂಗವ್ವ ಓಣಿಗೆ ಹಾರಿದಳು. ಅವಳ ಹಿಂದೆ ಸಕ್ಕರೆಯ ಡಬ್ಬಿ ಹಿಡಿದ ಅಪ್ಪ, ಅಪ್ಪನ ಹಿಂದೆ ಕಾಶಪ್ಪ. ನೀಲಾ "ಅಪ್ಪಾ, ಅದು..." ಎನ್ನುವಷ್ಟರಲ್ಲಿ ಆಚೆ ಐದಾರು ಮನೆಯವರು ಬಾಯಿ ಸಿಹಿ ಮಾಡಿಕೊಂಡಾಗಿತ್ತು. ಒಂದೇ ಶಬ್ದದ ಅರ್ಥವನ್ನು ಒಂದೇ ದಿನ ಎರಡು ಸಲ ತಿದ್ದಿದರೆ ಯಾರು ನಂಬುತ್ತಾರೆ?

ಅಪ್ಪನ ಧೋತರವೊಂದನ್ನು ತಂದು ಶಿವಸಂಗಪ್ಪನ ಕೈಗಿಟ್ಟು ಅವಳು ಬಾಗಿಲು ಮುಂದೆ ಮಾಡಿದಳು. ಸ್ವಲ್ಪ ಹೊತ್ತಿಗೆ ಬಾಗಿಲ ಸಂದಿಯಿಂದ ಬೆಲ್‌ಬಾಟಮ್ ಹೊರಬಂತು. "ಗಟ್ಟಿ ಹೊಲೀರಿ" ಎಂಬ ದನಿಯೂ ಬಂತು.

ಸೂಜಿ ಹಿಡಿದು ರಾಟಿಯ ಹತ್ತಿರ ಕೂತಳು. ಎದುರಿಗೆ ಎರಡು ಲಡಿಗಳಿದ್ದವು. ಗಂಜಿ ಕುಡಿದು ತಂತಿಯಂತಾದದ್ದು ಒಂದು. ಬೆಳಗಿನಿಂದ ಕೈಯಲ್ಲಿ ಹರಿಯುತ್ತಲೇ ಇದ್ದದ್ದು ಇನ್ನೊಂದು. ಹೊರಡುವಾಗ ಹೊಲಿಗೆಯನ್ನು ನಂಬಿ ಅವನು ಈ ಸಲ ಧೈರ್ಯವಾಗಿ ಕಾಲೆತ್ತಿ ಆ ಎತ್ತರದ ಹೊಸ್ತಿಲು ದಾಟುತ್ತಾನೆ. ಗಂಜಿಯಿಲ್ಲದ ಎಳೆಯಾದರೆ ಹೊಲಿಗೆ ಅಲ್ಲೇ ಪಟ್ಟೆನ್ನುತ್ತದೆ, ಎದುರಿಗೆ ಇಡೀ ಓಣಿ ನಿಂತಿರುತ್ತದೆ. ಆಗ ಅವನು ನಗುತ್ತಾನೋ, ಹರಿದದ್ದಕ್ಕೆ ಹೊಲಿದವಳನ್ನು ಬೈಯುತ್ತಾನೋ.

ನಕ್ಕರೆ ಆಯಿತು, ಫಿಕ್ಸ್‌ಗೆ ಗುರುಲಿಂಗವ್ವ ಹೇಳಿದ್ದೇ ಅರ್ಥ. ಬೈದರೆ ಮಾಸ್ತರರು ಹೇಳಿದ್ದೇ ಅರ್ಥ, ಅದನ್ನು ಈ ಸಲ ನೀಲಾಳೇ ಓಣಿಗೆಲ್ಲ ಕೇಳುವಂತೆ ಹೇಳುತ್ತಾಳೆ.

"ಯಾವ ನೂಲು ತಗೊಂಡ್ಯವಾ?" ಒಳಗಿನಿಂದ ಸಂಗವ್ವ ಕೇಳಿದಳು.

"ಇದ್ದದ್ದು" ಎಂದು ನೀಲಾ ಗಂಜಿ ಕುಡಿಯದ ಎಳೆಯ ತುದಿಯನ್ನು ನಾಲಿಗೆಗೆ ತಾಗಿಸಿ, ಮೆಲ್ಲಗೆ, ಹರಿಯದಂತೆ, ಸೂಜಿಗೆ ಪೋಣಿಸಿದಳು.