ನನ್ನ ಗ್ಯಾಸು, ಮಗನ ವ್ಯಾನು

ನಮ್ಮ ಮನೇಲಿ ನಾನು ಬುದ್ಧಿ ಹೇಳಿದರೆ ಎಲ್ಲರೂ ನಗುತ್ತಾರೆ. ಅಣಕಿಸಿ ಆಡಿದರೆ ಮಾತ್ರ ಅದನ್ನೇ ಬುದ್ಧಿಮಾತು ಅಂತ ತಿಳಿದು ಮಾಡಿಯೇ ಬಿಡುತ್ತಾರೆ. ಇದು ಇವತ್ತು ನಿನ್ನೆಯ ಕತೆಯಲ್ಲ. ನಮ್ಮ ಯಜಮಾನರು ಬದುಕಿದ್ದಾಗ ಒಂದು ದಿನ ಹೊಲ ಉಳುತ್ತಾ ಎಡಗಡೆ ಎತ್ತು ಕುಂಟುತ್ತೆ ಅಂತ ಬೆಳಗಿಂದ ಗೊಣಗುತ್ತಿದ್ದರು. ಕೇಳಿ ಕೇಳಿ ತಲೆ ಕೆಟ್ಟು, "ಅಂಗಾರೆ ನೀವೇ ನೊಗಕ್ಕೆ ಕತ್ತು ಕೊಡಿ, ನಿಮ್ ಕಾಲು ನೆಟ್ಟಗವಲ್ಲ" ಅಂದೆ. ಕೊಟ್ಟರು! ಒಂದು ಸಾಲು ಪೂರ್ತಿ ಎಳೆದರು. ಪಕ್ಕದ ಎತ್ತು ನಾಚಿಕೊಂಡು ನೆಲ ನೋಡುತ್ತಿತ್ತು. ಆಮೇಲೆ ಎಂಟು ದಿನ ಅವರ ಕತ್ತಿಗೆ ಬಿಸಿನೀರಿನ ಬಟ್ಟೆ ಒತ್ತಿದ್ದು ಯಾರು? ನಾನೇ. ಅಷ್ಟಾದ ಮೇಲಾದರೂ ಬಾಯಿ ಹೊಲಿದುಕೊಂಡು ಕೂರಬೇಕಿತ್ತು. ಕೂರಲಿಲ್ಲ. ಅದಕ್ಕೇ ಪೆಟ್ರೋಲ್ ರೇಟು ಏರಿದಾಗ ನನ್ನ ಅಡುಗೆ ಒಲೆ ಆರಿಹೋಯಿತು. ಪೆಟ್ರೋಲಿಗೂ ನನ್ನ ಒಲೆಗೂ ಏನು ಸಂಬಂಧ ಅಂತ ಕೇಳಬೇಡಿ, ನಾನೂ ಹಂಗೇ ಅಂದುಕೊಂಡಿದ್ದೆ.

ನನ್ನ ಮಗ ಪುಟ್ಟಸ್ವಾಮಿ ಪಾಂಡವಪುರದಲ್ಲಿ ಸರ್ಕಾರಿ ಗುಮಾಸ್ತ. ಕಿರಂಗೂರಿನ ನಮ್ಮ ಮನೆಯಿಂದ ಬಸ್ ಸ್ಟಾಪಿಗೆ ಒಂದು ಸಲ ಎಲೆ ಅಡಿಕೆ ಅಗಿಯುವಷ್ಟು ದೂರ. ಅವನ ಆಫೀಸಿನ ಮುಂದೆಯೂ ಅದೇ ಬಸ್ಸು ನಿಲ್ಲುತ್ತೆ. ಇಷ್ಟು ಅನುಕೂಲ ಇರೋನಿಗೆ ಕಾರು ಯಾಕೆ ಬೇಕಿತ್ತು ಅಂದರೆ, ಅವನ ಮಾವನಿಗೋಸ್ಕರ. ಮಾವ ಚಿಕ್ಕೇಗೌಡರು ಅಕ್ಕಿಹೆಬ್ಬಾಳಿನೋರು, ಎರಡು ಟ್ರಾಕ್ಟರು ಮಡಗಿಕೊಂಡಿರುವ ಕುಳ. ಒಂದು ಸಲ ನಮ್ಮೋನು ಸ್ಕೂಟರಿನಲ್ಲಿ ಹೆಂಡತಿ ಸರೋಜನ್ನ ಕೂರಿಸಿಕೊಂಡು, ಹ್ಯಾಂಡಲಿಗೆ ಎರಡು ಚೀಲ ನೇತುಹಾಕಿಕೊಂಡು ಮಾವನ ಮನೆಗೆ ಹೋಗಿದ್ದ. ಅವರು ಜಗಲಿ ಮೇಲಿಂದಲೇ, "ಏನ್ ಅಳೀಮಯ್ಯ, ಸಂತೆಗೋಗೋರು ದಾರಿ ತಪ್ಪಿ ಇತ್ಲಾಗಿ ಬಂದ್ಬುಟ್ರಾ?" ಅಂದರಂತೆ. ಅಷ್ಟೇ. ತಿಂಗಳು ತುಂಬುವುದರೊಳಗೆ ಮನೆ ಮುಂದೆ ಕಾರು ನಿಂತಿತ್ತು. ಮದುವೆ ಗಂಡನ್ನ ಕೂರಿಸಿಕೊಂಡು ಬರುತ್ತಲ್ಲ, ಆ ಜಾತಿಯ ಹೊಟ್ಟೆ ದಪ್ಪದ ಹಳೇ ಕಾರು. ನಾನು ಸುತ್ತ ಒಂದು ಸಲ ನೋಡಿ, "ಮಗಾ, ಈ ಪಾಟಿ ಹೊಟ್ಟೆ ಇರೋದು ಕಮ್ಮಿ ಕುಡಿಯಲ್ಲ ಕಣ್ಲಾ" ಅಂದೆ. ಎಲ್ಲರೂ ನಕ್ಕರು. ಅದು ಬುದ್ಧಿಮಾತು, ಅದಕ್ಕೇ ನಕ್ಕರು.

ಆಮೇಲೆ ಎಲ್ಲೋ ಅರಬ್ಬರ ದೇಶದಲ್ಲಿ ಗಲಾಟೆ ಶುರುವಾಯಿತಂತೆ. ಅಲ್ಲಿ ಅವರು ಬಡಿದಾಡಿಕೊಂಡರೆ ಇಲ್ಲಿ ಪೆಟ್ರೋಲ್ ಏರುತ್ತದಂತೆ. ಏರಿತು. ಇನ್ನೊಂದು ಸಲ ಏರಿತು. ನಮ್ಮ ಕಾರು ಹೊಂಗೆ ಮರದಡಿ ನಿಂತಿದ್ದು ನಿಂತೇ ಹೋಯಿತು. ಅದರಡಿಯಲ್ಲಿ ನನ್ನ ಕೋಳಿಗಳು ಮೊಟ್ಟೆ ಇಡೋಕೆ ಶುರು ಮಾಡಿದವು. ಪುಟ್ಟಸ್ವಾಮಿ ಬಸ್ಸಿನಲ್ಲಿ ಆಫೀಸಿಗೆ ಹೋಗೋನು, ಭಾನುವಾರ ಕಾರಿಗೆ ಎಣ್ಣೆಸ್ನಾನ ಮಾಡಿಸೋ ಹಾಗೆ ಉಜ್ಜೋನು. ವಾರಕ್ಕೊಂದು ಸಲ ಬ್ಯಾಟರಿ ಸಾಯಬಾರದು ಅಂತ ಸ್ಟಾರ್ಟ್ ಮಾಡಿ, ಮೊಟ್ಟೆಗೆ ಕೂತ ಕೋಳಿಗಳನ್ನೆಲ್ಲ ಹೆದರಿಸಿ ಆಫ್ ಮಾಡೋನು. ಎಲ್ಲಾದರೂ ಹೋಗಲೇಬೇಕಾದರೆ, ಇಳಿಜಾರು ಸಿಕ್ಕಿದ ಕೂಡಲೇ ಎಂಜಿನ್ ನಿಲ್ಲಿಸಿ ಉಸಿರು ಬಿಗಿ ಹಿಡಿದು ಕೂರೋನು. ಅವನು ಉಸಿರು ಬಿಟ್ಟರೂ ಪೆಟ್ರೋಲ್ ಖರ್ಚಾಗುತ್ತೇನೋ ಅನ್ನೋ ಹಾಗೆ. ಒಂದು ಸಲ ತೊಣ್ಣೂರು ಕೆರೆ ನೋಡೋಕೆ ಅಂತ ನಮ್ಮನ್ನೆಲ್ಲ ಕರಕೊಂಡು ಹೋದ. ಕೆರೆ ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ, ಪೆಟ್ರೋಲ್ ಮುಳ್ಳು ನೋಡಿ ಅರ್ಧ ದಾರಿಯಿಂದಲೇ ವಾಪಸ್ ತಿರುಗಿಸಿದ. "ನೀರು ತಾನೇ ಕಣವ್ವ, ನಮ್ ನಾಲೇಲೂ ಅದೆ" ಅಂದ.

ಕೊನೆಗೆ ಹೊಟ್ಟೆ ಕಾರು ಮಾರಿ ಬೇರೆ ತಗೋಬೇಕು ಅಂತ ತೀರ್ಮಾನವಾಯಿತು. ಒಂದು ತಿಂಗಳು ನಮ್ಮ ಜಗಲಿಯಲ್ಲಿ ಹೆಣ್ಣು ಹುಡುಕೋ ಮನೆ ಥರ ಮಾತುಕತೆ. ಒಬ್ಬ ಬಂದು "ಅದು ಬ್ಯಾಡ, ಸಾಕೋದು ಕಷ್ಟ" ಅನ್ನೋನು. ಇನ್ನೊಬ್ಬ "ಇದು ನೋಡೋಕೆ ಸಣ್ಣಕ್ಕದೆ, ಆದ್ರೆ ಗುಣದಲ್ಲಿ ಚಿನ್ನ" ಅನ್ನೋನು. ಮತ್ತೊಬ್ಬ "ಡೀಸೆಲ್ಲೇ ತಗೋ" ಅನ್ನೋನು. ಸ್ವಂತಕ್ಕೆ ಸೈಕಲ್ಲೂ ಇಲ್ಲದವರೇ ಜಾಸ್ತಿ ಮಾತಾಡಿದ್ದು. ನನ್ನನ್ನೂ ಕೇಳಿದರು. "ಬಸ್ಸು ತಗೋ, ಡ್ರೈವರನ್ನೂ ಸರ್ಕಾರದೋರೇ ಕೊಟ್ಟವ್ರೆ" ಅಂದೆ. ನಕ್ಕರು. ಬ್ರೆಡ್ಡಿನ ತುಂಡಿಗೆ ಚಕ್ರ ಇಟ್ಟಂತೆ ಇರುತ್ತಲ್ಲ, ಮೂಗೇ ಇಲ್ಲದ ಡಬ್ಬಿ ವ್ಯಾನು, ಅದು ಮನೆಗೆ ಬಂತು. ಕಮ್ಮಿ ಕುಡಿಯುತ್ತೆ, ಎಂಟು ಜನ ಹಿಡಿಯುತ್ತೆ ಅಂತ ಮಗ ಊರೆಲ್ಲ ಹೇಳಿಕೊಂಡು ಬಂದ. ಅದು ಬಂದು ತಿಂಗಳಾಗಿರಲಿಲ್ಲ, ಪೆಟ್ರೋಲ್ ಮತ್ತೆ ಏರಿತು.

ಇಲ್ಲಿ ನನ್ನ ಒಲೆ ವಿಷಯ ಹೇಳಬೇಕು. ಐವತ್ತು ವರ್ಷ ಸೌದೆ ಒಲೆ ಊದಿ ನನ್ನ ಕಣ್ಣು ಹಾಳಾಗಿದ್ದವು. ಪೊರೆ ತೆಗೆದ ಡಾಕ್ಟರು, "ಅಜ್ಜಿ, ಇನ್ನು ಹೊಗೆ ಹತ್ರ ಹೋಗೋದಾದ್ರೆ ನನ್ನ ಹತ್ರ ಬರಬೇಡಿ" ಅಂತ ಬೈದು ಕಳಿಸಿದ್ದರು. ಗ್ಯಾಸಿಗೆ ಬರೆಸಿ ವರ್ಷಗಟ್ಟಲೆ ಕಾದೆ. ಕೊನೆಗೆ ಬಂತು, ಒಂದೇ ಒಂದು ಸಿಲಿಂಡರು, ಅದೂ ನನ್ನ ಹೆಸರಿನಲ್ಲಿ. ಈ ಭೂಮಿ ಮೇಲೆ ನನ್ನ ಹೆಸರಿನಲ್ಲಿ ಇರುವುದು ಎರಡೇ, ವೋಟಿನ ಕಾರ್ಡು ಮತ್ತು ಗ್ಯಾಸಿನ ಪುಸ್ತಕ. ವೋಟಿನಿಂದ ನನಗೇನೂ ಆಗಲಿಲ್ಲ. ಗ್ಯಾಸಿನಿಂದ ಕಣ್ಣು ಉಳಿಯಿತು.

ಅವತ್ತು ಮಧ್ಯಾಹ್ನ ಪುಟ್ಟಸ್ವಾಮಿ ಊಟಕ್ಕೆ ಕೂತಿದ್ದ. ರೇಡಿಯೋದಲ್ಲಿ ಪೆಟ್ರೋಲ್ ಸುದ್ದಿ ಕೇಳಿದ್ದೇ ತಡ, ನಾನೇ ಏರಿಸಿದೆನೇನೋ ಅನ್ನೋ ಹಾಗೆ ನನ್ನ ಮುಖ ನೋಡಿಕೊಂಡು, "ಎಂಗವ್ವ ವ್ಯಾನ್ ಓಡ್ಸೋದು? ಎಂಗೆ?" ಅಂತ ಶುರು ಮಾಡಿದ. ಮುದ್ದೆ ಮುರಿದರೆ "ಎಂಗೆ?" ಸಾರಿಗೆ ಅದ್ದಿದರೆ "ಎಂಗೆ?" ನನಗೆ ರೇಗಿತು. "ನನ್ ಒಲೆ ಗ್ಯಾಸ್ ಅದಲ್ಲ, ಅದನ್ನೇ ಹಾಕ್ಕೊಂಡು ಓಡ್ಸ್ಲಾ!" ಅಂದುಬಿಟ್ಟೆ. ಮುದ್ದೆ ಹಿಡಿದ ಕೈ ಬಾಯಿಗೆ ಹೋಗದೆ ಹಾಗೇ ನಿಂತಿತು. ನಮ್ಮ ಯಜಮಾನರು ನೊಗದ ಕಡೆ ನೋಡಿದಾಗ ಮುಖ ಹಿಂಗೇ ಆಗಿತ್ತು. ನನಗೆ ಆಗಲೇ ಗೊತ್ತಾಗಬೇಕಿತ್ತು.

ಮೂರನೇ ದಿನ ನಾನು ತೋಟದಿಂದ ಬರುವಷ್ಟರಲ್ಲಿ ಸಿಲಿಂಡರ್ ಇಲ್ಲ. ಗ್ಯಾಸ್ ಒಲೆ ಬಾಯಿ ಬಿಟ್ಟುಕೊಂಡು ಕೂತಿದೆ, ಪೈಪು ನೇತಾಡುತ್ತಿದೆ. ಹೊರಗೆ ವ್ಯಾನಿನ ಹಿಂದೆ ಶ್ರೀರಂಗಪಟ್ಟಣದ ಮೆಕ್ಯಾನಿಕ್ ಕರೀಂ ಸಾಬರು ಕೈ ಒರೆಸಿಕೊಳ್ಳುತ್ತಾ ನಿಂತಿದ್ದಾರೆ. ನನ್ನ ಮುಖ ನೋಡಿದ್ದೇ, "ಅಮ್ಮಾ, ಖುದಾ ಕಸಂ, ಮೂರು ಸಲ ಬ್ಯಾಡ ಅಂದೆ. ಇದು ಕಳ್ಳ ಕೆಲ್ಸ, ಖತರಾ ಕೆಲ್ಸ ಅಂದೆ. ನಿಮ್ ಮಗ 'ನಮ್ಮವ್ವಂದೇ ಐಡಿಯಾ' ಅಂದ್ರು. ದೊಡ್ಡೋರು ಹೇಳಿದ ಮ್ಯಾಲೆ ಏನ್ ಮಾಡ್ಲಿ?" ಅಂದರು. ಹುಟ್ಟಿದಾಗಿಂದ ನಾನು ಹೇಳಿದ ಒಂದು ಮಾತನ್ನೂ ಕೇಳದೋನು ಇದೊಂದನ್ನ ಶಿರಸಾವಹಿಸಿದ್ದ. "ವಾರಕ್ಕೊಂದೆರಡು ದಿನ ಅಷ್ಟೇ ಕಣವ್ವ, ಉಳಿದ ದಿನ ನಿಂದೇ" ಅಂದ. ಸಿಲಿಂಡರಿಗೂ ಸರ್ಕಾರಿ ಕೆಲಸ ಕೊಡಿಸಿದವನ ಹಾಗೆ ಹೇಳಿದ.

ವಾರಕ್ಕೆರಡು ದಿನ ಹೋಗಿ ವಾರಕ್ಕೆ ಏಳು ದಿನ ಆಯಿತು. ಪೆಟ್ರೋಲ್ ಇದ್ದಾಗ ಬಸ್ಸಿನಲ್ಲಿ ಹೋಗುತ್ತಿದ್ದವನು ಈಗ ಬೀಡಿ ತರೋಕೂ ವ್ಯಾನ್ ಹತ್ತುತ್ತಿದ್ದ. ನಾನು ಮತ್ತೆ ಅಟ್ಟದ ಮೇಲಿಂದ ಊದುಗೊಳವೆ ಇಳಿಸಿದೆ. ಹೊಗೆಗೆ ಕಣ್ಣು ಉರಿದು ಕೆಂಪಗಾದವು. ಇದರಲ್ಲಿ ಇನ್ನೊಂದು ಚಂದ ಕೇಳಿ. ಗ್ಯಾಸ್ ಖಾಲಿಯಾದಾಗ ಬುಕ್ ಮಾಡಿಸೋಕೆ ಸಹಿ ಹಾಕಬೇಕಾದವಳು ನಾನು. ನನ್ನನ್ನ ವ್ಯಾನಿನಲ್ಲಿ ಕೂರಿಸಿ, ನನ್ನ ಬೆನ್ನಿನ ಹಿಂದೆ ನನ್ನದೇ ಸಿಲಿಂಡರಿನ ಕೊನೇ ಉಸಿರು ಸುಯ್ಯನ್ನುತ್ತಿರುವಾಗ ಶ್ರೀರಂಗಪಟ್ಟಣಕ್ಕೆ ಕರಕೊಂಡು ಹೋಗುತ್ತಿದ್ದ. ಇದು ಸಿಡಿದರೆ ಬುಕ್ ಮಾಡಿಸೋ ತೊಂದರೆಯೂ ಇರಲ್ಲ ಅಂದುಕೊಂಡು ಕೂರುತ್ತಿದ್ದೆ. ಗ್ಯಾಸ್ ಆಫೀಸಿನ ಹುಡುಗಿ ಪುಸ್ತಕ ತಿರುವಿ, "ಅಜ್ಜೀ, ಇಷ್ಟು ಬೇಗ ಖಾಲಿ ಆಯ್ತಾ? ಮನೇಲಿ ಮದ್ವೆನಾ?" ಅಂದಳು. "ಇಲ್ಲ ಕಣವ್ವ, ಮಗಂಗೆ ಹಸಿವು ಜಾಸ್ತಿ" ಅಂದೆ. ಅವನು ಹಿಂದೆ ನಿಂತು ತಲೆ ಆಡಿಸಿದ.

ಹಿಂಗಿರುವಾಗ ಚಿಕ್ಕೇಗೌಡರೂ ಅವರ ಹೆಂಡತಿಯೂ ನಮ್ಮ ಮನೆಗೆ ಊಟಕ್ಕೆ ಬರೋದು ಗೊತ್ತಾಯಿತು. ಪುಟ್ಟಸ್ವಾಮಿಗೆ ಇಷ್ಟು ವರ್ಷ ಕಾದಿದ್ದ ದಿನ. ಮಾವನನ್ನ ತಾನೇ ಅಕ್ಕಿಹೆಬ್ಬಾಳಿನಿಂದ ವ್ಯಾನಿನಲ್ಲಿ ಕರಕೊಂಡು ಬಂದು, ತಾನೇ ವ್ಯಾನಿನಲ್ಲಿ ಬಿಟ್ಟು ಬರಬೇಕು. ಅರ್ಧ ಮುಗಿದಿದ್ದ ಸಿಲಿಂಡರ್ ಹಾಕಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಬೆಳಗಾಗೆದ್ದು ಅಕ್ಕಿಹೆಬ್ಬಾಳಿನ ಕಡೆ ಹೊರಟ. ಇತ್ತ ನಾಟಿ ಕೋಳಿ ಕೊಯ್ದು, ಮಸಾಲೆ ಅರೆದು, ಸರೋಜ ನನ್ನ ಮುಂದೆ ನಿಂತಳು. "ಅತ್ತೆ, ಸೌದೆ ಒಲೆ ಹಚ್ಚಲಾ?"

"ಹಚ್ಚಬ್ಯಾಡ" ಅಂದೆ. "ಗ್ಯಾಸ್ ಬರ್ಲಿ."

"ಗ್ಯಾಸ್ ನಮ್ಮಪ್ಪನ್ನ ಕರ್ಕಬರಾಕೆ ಹೋಗ್ಯದಲ್ಲ ಅತ್ತೆ."

"ನಿಮ್ಮಪ್ಪನ ಜೊತೇಲೇ ಬತ್ತದೆ ಬುಡು."

ಬಂತು. ಚಿಕ್ಕೇಗೌಡರು ಬಿಳೀ ಪಂಚೆ, ಹೆಗಲ ಮೇಲೆ ಟವೆಲ್ಲು, ವ್ಯಾನಿನಿಂದ ಇಳಿದು ಬಾಗಿಲು ಸವರಿದರು. "ಪರ್ವಾಗಿಲ್ಲ ಕಣವ್ವ, ಅಳೀಮಯ್ಯನ ಗಾಡಿ ಬೆಣ್ಣೆ ಇದ್ದಂಗೆ ಓಡ್ತದೆ. ಒಂದೀಟು ಅದೇನೋ ವಾಸ್ನೆ."

"ಅದು ನಮ್ಮನೆ ಅಡುಗೆ ವಾಸ್ನೆ ಬೀಗ್ರೇ, ದೂರಕ್ಕೂ ಬತ್ತದೆ" ಅಂದೆ.

ತೋಟದ ಡೀಸೆಲ್ ಪಂಪು ಕೆಟ್ಟಾಗೆಲ್ಲ ನಾನೇ ನಟ್ಟು ಬಿಚ್ಚಿ ಜೋಡಿಸೋದು, ಸ್ಪ್ಯಾನರ್ ಹಿಡಿಯೋದು ನನಗೆ ಹೊಸದಲ್ಲ. ಅವರು ಕೈಕಾಲು ತೊಳೆಯುವಷ್ಟರಲ್ಲಿ ವ್ಯಾನಿನ ಹಿಂಬಾಗಿಲು ತೆಗೆದು, ಸಿಲಿಂಡರಿನ ತಿರುಪು ಮುಚ್ಚಿ, ಬಿಚ್ಚಿ ಉರುಳಿಸಿಕೊಂಡು ಅಂಗಳದ ಮೇಲೆ ಬಂದೆ. ಚಿಕ್ಕೇಗೌಡರು ಎಂಜಿನ್ನನ್ನೇ ಕಿತ್ತುಕೊಂಡು ಹೋಗುತ್ತಿದ್ದೀನಿ ಅನ್ನೋ ಹಾಗೆ ನೋಡಿದರು. ಪುಟ್ಟಸ್ವಾಮಿ ಓಡಿ ಬಂದು ಕಿವಿಯಲ್ಲಿ, "ಅವ್ವಾ, ಮಾನ ಕಳೀಬ್ಯಾಡ, ವಾಪಸ್ ಬುಡೋಕೆ ಗ್ಯಾಸ್ ಬೇಕು ಕಣವ್ವ" ಅಂದ. "ಮೊದ್ಲು ಉಣ್ಣಲಿ. ಉಪವಾಸ ಕರ್ಕಂಡೋಗಿ ಬುಡ್ತೀಯೇನ್ಲಾ?" ಅಂದೆ. ಒಂದೇ ಸಿಲಿಂಡರು ನೆಂಟರನ್ನ ಹೊರಬೇಕು ಇಲ್ಲ ನೆಂಟರಿಗೆ ಬೇಯಿಸಬೇಕು.

ಕೋಳಿ ಹುಂಜವಾಗಿತ್ತು, ಬಲಿತಿತ್ತು, ಬೇಯಲಿಲ್ಲ, ಬೇಯಲಿಲ್ಲ. ಅಕ್ಕಿಹೆಬ್ಬಾಳಿಗೆ ಹೋಗಿ ಬಂದು ತಳದಲ್ಲಿ ಒಂದೀಟು ಉಳಿದಿದ್ದ ಗ್ಯಾಸು ಕೋಳಿಗೆ ಒಂದಷ್ಟು, ಮುದ್ದೆ ಹಿಟ್ಟಿಗೆ ಒಂದಷ್ಟು, ಅನ್ನಕ್ಕೆ ಒಂದಷ್ಟು. ನಾನೂ ಉರಿ ತಗ್ಗಿಸೋ ಗೋಜಿಗೆ ಹೋಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಮುದ್ದೆ ತೊಳಸಿ ಆದ ಮೇಲೆ ಸುಮ್ಮನೆ ಒಂದು ಹಂಡೆ ನೀರೂ ಕಾಯಿಸಿದೆ. ಬೀಗರು ಬೆವರು ಒರೆಸಿಕೊಂಡು ಮೂರು ಮುದ್ದೆ ಉಂಡರು. ಉಂಡು ಎಲೆ ಅಡಿಕೆ ಹಾಕಿಕೊಂಡು, "ಹೊತ್ತಾಯ್ತು, ಹಾಲು ಕರೆಯೋ ಹೊತ್ತಿಗೆ ಊರಲ್ಲಿರ್ಬೇಕು, ಗಾಡಿ ತೆಗೀರಿ ಅಳೀಮಯ್ಯ" ಅಂದರು. ಸಿಲಿಂಡರ್ ಜೋಡಿಸಿದ. ವ್ಯಾನು ಎರಡು ಸಲ ಕೆಮ್ಮಿತು. ಪೆಟ್ರೋಲ್ ಟ್ಯಾಂಕಿನಲ್ಲಿ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

ಬಸ್ ಸ್ಟಾಪಿಗೆ ನಡಕೊಂಡು ಹೋದರೆ ಮುಗಿಯುತ್ತಿತ್ತು. ಆದರೆ ಪುಟ್ಟಸ್ವಾಮಿ, "ಮಾವಾರನ್ನ ನಡೆಸ್ತೀನಾ? ಬಸ್ ಸ್ಟಾಪ್ ಗಂಟಾದ್ರೂ ಗಾಡೀಲೇ ಬುಡ್ತೀನಿ" ಅಂತ ಹಟ ಹಿಡಿದ. ಬೀಗಿತ್ತಿಯನ್ನ ಒಳಗೆ ಕೂರಿಸಿ ತಾನು ಸ್ಟೇರಿಂಗ್ ಹಿಡಿದ. ತಳ್ಳೋರು ಯಾರು? ಸರೋಜ ಒಂದು ಕಡೆ. ಇನ್ನೊಂದು ಕಡೆ, ಪಂಚೆ ಎತ್ತಿ ಕಟ್ಟಿಕೊಂಡು ಚಿಕ್ಕೇಗೌಡರು. ಬಿಟ್ಟು ಬರೋಕೆ ಹೊರಟವನು ಕೂತಿದ್ದಾನೆ, ಬಿಡಿಸಿಕೊಳ್ಳೋರು ತಳ್ಳುತ್ತಿದ್ದಾರೆ. ಊರಿನ ಜನ ಬಾಗಿಲಿಗೆ ಬಂದು ನಿಂತರು. ಅರ್ಧ ದಾರೀಲಿ ಬೀಗರು ಏದುಸಿರು ಬಿಡುತ್ತಾ, "ಅಳೀಮಯ್ಯ, ಸ್ಕೂಟ್ರು ಮಾರ್ಬುಟ್ರಾ?" ಅಂದರು. ಪುಟ್ಟಸ್ವಾಮಿ ಕಿವಿ ಕೇಳಿಸದವನ ಹಾಗೆ ರಸ್ತೆ ನೋಡಿದ. ಅಷ್ಟರಲ್ಲಿ ಬಸ್ಸು ಬಂತು. ಬಿಳೀ ಪಂಚೆಗೆ ಗ್ರೀಸ್ ಮೆತ್ತಿಕೊಂಡು ಬೀಗರು ಹತ್ತಿ ಹೋದರು.

ಮಾರನೇ ದಿನವೇ ಕರೀಂ ಸಾಬರನ್ನ ಕರೆಸಿ ವ್ಯಾನಿನೊಳಗಿನ ಪೈಪೆಲ್ಲ ಕೀಳಿಸಿದ. ಹೊಸಾ ಸಿಲಿಂಡರ್ ಬಂತು, ನನ್ನ ಒಲೆ ಪಕ್ಕ ಕೂತಿತು. ಊದುಗೊಳವೆ ಅಟ್ಟ ಹತ್ತಿತು. ನಾನು ಕಾಫಿ ಕಾಯಿಸಿ, ನೀಲಿ ಉರಿ ನೋಡಿಕೊಂಡು, ಇನ್ನು ಜನ್ಮದಲ್ಲಿ ಅಣಕದ ಮಾತಾಡಲ್ಲ ಅಂತ ಮನಸ್ಸಿನಲ್ಲೇ ಆಣೆ ಇಟ್ಟುಕೊಂಡೆ. ಆಣೆ ಕಾಫಿ ಆರೋ ತನಕ ಇತ್ತು. ಪುಟ್ಟಸ್ವಾಮಿ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಈಗ ವ್ಯಾನ್ ಎಂಗವ್ವ ಓಡ್ಸೋದು? ಎಂಗೆ?" ಅಂದ. ಕಾಫಿ ಊದಿದೆ. "ಎಂಗೆ?" ಅಂದ. ಇನ್ನೊಂದು ಸಲ ಊದಿದೆ. ಮೂರನೇ "ಎಂಗೆ?"ಗೆ ಬಾಯಿ ತಾನಾಗೇ ತೆರೆಯಿತು. "ತೋಟದಲ್ಲಿ ಡೀಸೆಲ್ ಪಂಪು ಅದಲ್ಲ, ಕಿತ್ಕಬಂದು ಕೂರಿಸ್ಲಾ! ದಾರಿ ಉದ್ದಕ್ಕೂ ಊರೋರ ಗದ್ದೆಗೆ ನೀರು ಬುಟ್ಕಂಡು ಹೋಗು!"

ಬೆಳಗ್ಗೆ ತೋಟಕ್ಕೆ ಹೋದರೆ ಪಂಪಿನ ಮನೆ ಬಾಗಿಲು ತೆರೆದಿತ್ತು. ಕರೀಂ ಸಾಬರು ಟೇಪು ಹಿಡಿದು ಪಂಪಿನ ಉದ್ದ ಅಗಲ ಅಳೆಯುತ್ತಿದ್ದರು. "ಅಮ್ಮಾ, ಕೂರ್ತದೆ" ಅಂದರು, ಅವರಿಗೇ ನಂಬಿಕೆ ಬರದವರ ಹಾಗೆ. "ಹಿಂದಿನ ಸೀಟು ತೆಗೀಬೇಕು ಅಷ್ಟೇ." ನನ್ನ ಮಗ ಅವರ ಬೆನ್ನು ತಟ್ಟಿ, "ನಾನು ಹೇಳ್ಲಿಲ್ವಾ ಸಾಬ್ರೇ? ತಲೆ ಅಂದ್ರೆ ನಮ್ಮವ್ವಂದು!" ಅಂದ. ನನ್ನ ಬದನೆ ಗಿಡ ಒಣಗುತ್ತವೆ, ನಾಳೆಯಿಂದ ಬಿಂದಿಗೆ ಹೊರಬೇಕಾದವಳು ನಾನೇ, ನಿಲ್ಲಿಸು ಅನ್ನೋಕೆ ಬಾಯಿ ತೆರೆದೆ. ಆದರೆ ಎಪ್ಪತ್ತು ವರ್ಷದಲ್ಲಿ ನಮ್ಮ ಮನೆ ಗಂಡಸೊಬ್ಬ ನನ್ನ ತಲೆಯನ್ನ ಹೊಗಳಿದ್ದು ಅದೇ ಮೊದಲು. ಇನ್ನೊಂದು ಸಲ ಹೇಳಲಿ ಅಂತ ಬಾಯಿ ಮುಚ್ಚಿಕೊಂಡು, ಅವರು ಕೇಳಿದ ಸ್ಪ್ಯಾನರ್ ತೆಗೆದುಕೊಟ್ಟೆ.